ನ್ಯಾನೋಕಣ ಮತ್ತು ಆಟೋಫಜಿ: ಯಾವ ಕಣ, ಯಾವ ಕೋಶ, ಯಾವ ಪರೀಕ್ಷೆ?

ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯ ಕಾಲೇಜುಗಳಲ್ಲಿ ಜೀವವಿಜ್ಞಾನವನ್ನೋ ರಸಾಯನವಿಜ್ಞಾನವನ್ನೋ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನ್ಯಾನೋಕಣಗಳ ಕಡೆ ಮನಸ್ಸು ಹೋಗುವುದು ಸಹಜ. ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣ ಬೆರೆಸಿಟ್ಟರೆ ಬಣ್ಣ ನಿಧಾನವಾಗಿ ಕಂದಿಗೆ ತಿರುಗುತ್ತದೆ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 400ರಿಂದ 450 ನ್ಯಾನೋಮೀಟರ್‌ ನಡುವೆ ಬೆಳಕು ಹೀರಿಕೆಯ ಶಿಖರವೊಂದು ಏಳುತ್ತದೆ, ಬೆಳ್ಳಿಯ ಕಣ ತಯಾರಾಗಿದೆ ಎಂದು ತಿಳಿಯುತ್ತದೆ. ಕಷ್ಟ ಶುರುವಾಗುವುದು ಆ ಕಣವನ್ನು ಜೀವಕೋಶಕ್ಕೆ ಕೊಟ್ಟ ಮೇಲೆ. ಕೋಶ ಸತ್ತಿತೋ ಬದುಕಿತೋ ಎಂದು ನೋಡಿ ಅಲ್ಲಿಗೇ ಬಿಡದೆ, ಒಳಗೆ ಬಂದ ಕಣವನ್ನು ಕೋಶ ಏನು ಮಾಡಿತು ಎಂದು ಕೇಳಹೊರಟವರು ಬಹುಬೇಗ ಆಟೋಫಜಿಗೆ, ಎಂದರೆ ಕೋಶವು ತನ್ನದೇ ಹಳಸಿದ ಭಾಗಗಳನ್ನು ಒಡೆದು ಮರುಬಳಸುವ ಕ್ರಿಯೆಗೆ, ಬಂದು ತಲುಪುತ್ತಾರೆ. ಅಲ್ಲಿ ಯಾವ ಕಣ, ಯಾವ ಕೋಶ, ಯಾವ ಪರೀಕ್ಷೆ ಎಂಬ ಮೂರು ಆಯ್ಕೆಗಳನ್ನು ಒಟ್ಟಿಗೇ ಮಾಡಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮುಂದಿಟ್ಟುಕೊಂಡು ಆ ಮೂರನ್ನೂ ಇಲ್ಲಿ ಹೋಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಆಟೋಫಜಿ ಹೆಚ್ಚಾಯಿತೋ ಅಥವಾ ಅರ್ಧದಲ್ಲಿ ಕಟ್ಟಿಕೊಂಡಿತೋ ಎಂಬುದನ್ನು ಬೇರ್ಪಡಿಸಿ ತೋರಿಸಲಾರದ ಜೋಡಣೆ ಎಷ್ಟೇ ಅಗ್ಗವಾಗಿರಲಿ, ಎಷ್ಟೇ ಚೆಂದದ ಚಿತ್ರ ಕೊಡಲಿ, ಆಟೋಫಜಿಯ ಪ್ರಾಜೆಕ್ಟಿಗೆ ತಕ್ಕದ್ದಲ್ಲ.

ಕಣ ಒಳಹೊಕ್ಕ ಮೇಲೆ

ನ್ಯಾನೋಕಣವೆಂದರೆ ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಅಳತೆಯ ಕಣ. ಅದು ಬರಿಮೈಯಲ್ಲಿ ಕೋಶವನ್ನು ಮುಟ್ಟುವುದು ಅಪರೂಪ. ಸೀರಮ್ (ರಕ್ತದ ತಿಳಿದ್ರವ) ಇರುವ, ಕೋಶ ಬೆಳೆಸುವ ಮಾಧ್ಯಮಕ್ಕೆ ಬಿದ್ದೊಡನೆ ಪ್ರೋಟೀನುಗಳು ಅದರ ಮೈಗೆ ಹತ್ತಿಕೊಂಡು ಕವಚವಾಗುತ್ತವೆ. ಕೋಶದ ಪೊರೆ ಎದುರುಗೊಳ್ಳುವುದು ಬಹುಮಟ್ಟಿಗೆ ಈ ಕವಚವನ್ನೇ ಹೊರತು ಒಳಗಿನ ಲೋಹವನ್ನಲ್ಲ. ಒಂದೇ ಕಣ ಸೀರಮ್ ಇದ್ದಾಗ ಒಂದು ರೀತಿ, ಇಲ್ಲದಿದ್ದಾಗ ಇನ್ನೊಂದು ರೀತಿ ವರ್ತಿಸುವುದಕ್ಕೆ ಇದು ಮುಖ್ಯ ಕಾರಣ. ಪೊರೆಯು ಕಣವನ್ನು ಸುತ್ತುವರಿದು ಒಳಗೆಳೆದುಕೊಳ್ಳುವ ಎಂಡೋಸೈಟೋಸಿಸ್‌ಗೆ ಹಲವು ದಾರಿಗಳಿವೆ. ಚಿಕ್ಕ ಕಣಗಳು ಪೊರೆಯಲ್ಲಿ ಮೂಡುವ ಕ್ಲಾಥ್ರಿನ್ ಗುಳಿ, ಕೇವಿಯೋಲೆ ಎಂಬ ಪುಟ್ಟ ತಗ್ಗುಗಳ ಮೂಲಕ ಹೋಗುತ್ತವೆ, ಗಂಟುಕಟ್ಟಿದ ದೊಡ್ಡ ಗುಂಪುಗಳನ್ನು ಮ್ಯಾಕ್ರೋಫೇಜ್‌ನಂಥ ಕೋಶಗಳು ನುಂಗುತ್ತವೆ. ಪ್ರಯೋಗಾಲಯಗಳಲ್ಲಿ ಬೆಳೆಸುವ ಹೀಲಾ ಎಂಬ ಮನುಷ್ಯರ ಕ್ಯಾನ್ಸರ್ ಕೋಶಗಳಿಗೆ ಬೇರೆಬೇರೆ ಗಾತ್ರದ ಚಿನ್ನದ ಕಣಗಳನ್ನು ಕೊಟ್ಟ 2006ರ ಪ್ರಯೋಗವೊಂದರಲ್ಲಿ ಸುಮಾರು 50 ನ್ಯಾನೋಮೀಟರಿನವು ಎಲ್ಲಕ್ಕಿಂತ ಹೆಚ್ಚು ಒಳಹೊಕ್ಕಿದ್ದವು. ದಾರಿ ಯಾವುದೇ ಇರಲಿ, ಬಹುಪಾಲು ಕಣಗಳು ಕೊನೆಗೆ ಸೇರುವುದು ಲೈಸೋಸೋಮನ್ನು, ಎಂದರೆ ಪಿಎಚ್ 4.5ರಿಂದ 5ರಷ್ಟಿರುವ, ಒಡೆಯುವ ಕಿಣ್ವಗಳು ತುಂಬಿದ ಹುಳಿ ಚೀಲವನ್ನು.

ಆಟೋಫಜಿಯೂ ಅದೇ ಚೀಲಕ್ಕೆ ಬಂದು ಸೇರುವ ಇನ್ನೊಂದು ದಾರಿ. ಕ್ರಿಶ್ಚಿಯನ್ ಡಿ ಡ್ಯೂವ್ ಅವರು 1963ರಲ್ಲಿ ಇದಕ್ಕೆ ಹೆಸರಿಟ್ಟರು. ಯೋಶಿನೋರಿ ಓಸುಮಿ ಅವರು 1990ರ ದಶಕದಲ್ಲಿ ಯೀಸ್ಟಿನ ಮೇಲೆ ಕೆಲಸ ಮಾಡಿ ಇದನ್ನು ನಡೆಸುವ ಜೀನುಗಳನ್ನು ಬಿಡಿಸಿ ತೋರಿಸಿದರು, 2016ರ ನೊಬೆಲ್ ಪ್ರಶಸ್ತಿ ಪಡೆದರು. ಕೋಶಕ್ಕೆ ಆಹಾರ ಸಾಕಷ್ಟಿದ್ದಾಗ ಎಂಟಾರ್ ಎಂಬ ಪ್ರೋಟೀನು ಈ ಕ್ರಿಯೆಯನ್ನು ತಡೆಹಿಡಿದಿರುತ್ತದೆ. ಹಸಿವಾದಾಗ ಅಥವಾ ಪೆಟ್ಟಾದಾಗ ಆ ತಡೆ ಸಡಿಲಗೊಂಡು, ಎರಡು ಪದರದ ಪೊರೆಯೊಂದು ಹುಟ್ಟಿ, ಕೆಟ್ಟ ಮೈಟೊಕಾಂಡ್ರಿಯವನ್ನೋ ಮುದ್ದೆಗಟ್ಟಿದ ಪ್ರೋಟೀನನ್ನೋ ಸುತ್ತುವರಿದು ಆಟೋಫಾಗೋಸೋಮ್ ಆಗುತ್ತದೆ, ಲೈಸೋಸೋಮಿನೊಡನೆ ಬೆರೆಯುತ್ತದೆ, ಒಳಗಿನ ಸರಕು ಕರಗಿ ಕೋಶದ ಬಳಕೆಗೆ ಮರಳುತ್ತದೆ.

ನ್ಯಾನೋಕಣ ಈ ಕ್ರಮವನ್ನು ಒಂದಕ್ಕಿಂತ ಹೆಚ್ಚು ಕಡೆ ಮುಟ್ಟಬಲ್ಲದು. ಕಣದಿಂದಲೋ ಅದು ಬಿಡುವ ಅಯಾನಿನಿಂದಲೋ ಕ್ರಿಯಾಶೀಲ ಆಮ್ಲಜನಕ ಹೆಚ್ಚಿ, ಮೈಟೊಕಾಂಡ್ರಿಯ ಕೆಟ್ಟು, ಎಂಟಾರ್‌ನ ತಡೆ ಸಡಿಲಗೊಂಡರೆ ಆಟೋಫಜಿ ನಿಜಕ್ಕೂ ಚುರುಕಾಗುತ್ತದೆ. ಕಣ ಲೈಸೋಸೋಮಿನ ಪೊರೆಯನ್ನು ಹರಿದರೆ, ಹರಿದ ಪೊರೆಗೆ ಗ್ಯಾಲೆಕ್ಟಿನ್ ಪ್ರೋಟೀನುಗಳು ಬಂದು ಅಂಟಿಕೊಂಡು, ಆ ಲೈಸೋಸೋಮನ್ನೇ ಆಟೋಫಜಿಗೆ ಒಪ್ಪಿಸುತ್ತವೆ. ಜೊತೆಗೆ ಟಿಎಫ್‌ಇಬಿ ಎಂಬ ನಿಯಂತ್ರಕವು ಕೋಶಕೇಂದ್ರಕ್ಕೆ ಹೋಗಿ ಹೊಸ ಲೈಸೋಸೋಮುಗಳ ತಯಾರಿಗೆ ಚಾಲನೆ ಕೊಡುತ್ತದೆ. ಇವೆರಡಕ್ಕೂ ಪೂರ್ತಿ ವಿರುದ್ಧವಾದ ಮೂರನೆಯದೊಂದಿದೆ: ಲೈಸೋಸೋಮಿನಲ್ಲಿ ತುಂಬಿಕೊಂಡ ಕಣಗಳು ಅದರ ಹುಳಿಯನ್ನು ತಗ್ಗಿಸುತ್ತವೆ, ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಬಂದ ಆಟೋಫಾಗೋಸೋಮುಗಳು ಕರಗದೆ ಉಳಿಯುತ್ತವೆ. ತದಡಿಯ ಧಕ್ಕೆಯಲ್ಲಿ ಜನ ಗುಂಪುಗೂಡಿದ್ದರೆ, ಆ ದಿನ ಆಚೆ ದಡಕ್ಕೆ ಹೋಗುವವರೇ ಹೆಚ್ಚಿರಬಹುದು, ದೋಣಿಯೇ ಬಾರದಿರಲೂಬಹುದು. ಗುಂಪಿನ ತಲೆ ಎಣಿಸಿ ಎರಡರಲ್ಲಿ ಯಾವುದೆಂದು ಹೇಳಲಾಗದು. ಕೋಶದಲ್ಲಿ ಆಟೋಫಾಗೋಸೋಮುಗಳ ಎಣಿಕೆಗೂ ಇದೇ ಮಿತಿಯಿದೆ. 2011ರಲ್ಲಿ ಪ್ರಕಟವಾದ ಚಿನ್ನದ ಕಣಗಳ ಅಧ್ಯಯನವೊಂದು ತೋರಿಸಿದ್ದು ಇದನ್ನೇ: ಆಟೋಫಾಗೋಸೋಮುಗಳು ಹೆಚ್ಚಿದ್ದು ನಿಜ, ಆದರೆ ಅವು ಹೆಚ್ಚಿದ್ದು ಲೈಸೋಸೋಮಿನ ಪಿಎಚ್ ಏರಿ ಒಡೆಯುವ ಕೆಲಸ ಕುಂಠಿತವಾದ್ದರಿಂದ.

ಯಾವ ಕಣ

ಬೆಳ್ಳಿಯಿಂದ ಆರಂಭಿಸೋಣ, ಏಕೆಂದರೆ ಹೆಚ್ಚಿನವರು ಆರಂಭಿಸುವುದು ಅದರಿಂದಲೇ. ತಯಾರಿಕೆ ಸುಲಭ, ಖರ್ಚು ಕಡಿಮೆ, ಬಣ್ಣವೇ ಗುರುತು. ಆದರೆ ಬೆಳ್ಳಿಯ ಕಣ ಸುಮ್ಮನಿರುವಂಥದ್ದಲ್ಲ. ಆಮ್ಲಜನಕ ತಗುಲಿದಂತೆಲ್ಲ ಅಯಾನುಗಳನ್ನು ಬಿಡುತ್ತಲೇ ಇರುತ್ತದೆ, ಆ ಅಯಾನುಗಳು ಗಂಧಕವಿರುವ ಪ್ರೋಟೀನುಗಳಿಗೆ ಅಂಟಿಕೊಂಡು ತಾವೇ ಕೋಶವನ್ನು ಬಾಧಿಸುತ್ತವೆ. ಹಾಗಾಗಿ ಬೆಳ್ಳಿ ಕಣದ ಪ್ರತಿ ಪ್ರಯೋಗದ ಪಕ್ಕದಲ್ಲಿ ಅದೇ ಮಾಧ್ಯಮದಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟ್ ಕೊಟ್ಟ ಕೋಶಗಳೂ ಇರಲೇಬೇಕು. ಅದೇ ಮಾಧ್ಯಮ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಕ್ಲೋರೈಡ್ ಇರುವ ಮಾಧ್ಯಮದಲ್ಲಿ ಬೆಳ್ಳಿಯ ಅಯಾನು ಸಿಲ್ವರ್ ಕ್ಲೋರೈಡ್ ಆಗಿ ತಳ ಸೇರಬಲ್ಲದು, ಸಮುದ್ರದ ನೀರಿನಂತೆ ಕ್ಲೋರೈಡ್ ಬಹಳ ಹೆಚ್ಚಿರುವಲ್ಲಿ ಕರಗುವ ಸಂಯುಕ್ತಗಳಾಗಿಯೂ ಉಳಿಯುತ್ತದೆ. ಅಳಿದುಳಿದ ಬೆಳ್ಳಿ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಬೇರೆ ಬಾಟಲಿಯಲ್ಲಿ ಕೂಡಿಟ್ಟು ಉಪ್ಪು ಹಾಕಿ ತಳಗೂಡಿಸಿ ತೆಗೆಯಬೇಕೆಂದೂ ಇದೇ ಕಾರಣಕ್ಕೆ ವಿನಂತಿಸುತ್ತೇನೆ. ಇಲ್ಲಿನ ಚರಂಡಿಗಳಿಗೂ ಅಳಿವೆಗೂ ನಡುವೆ ದೂರ ಹೆಚ್ಚಿಲ್ಲ.

ಕಷಾಯದ ಆಯ್ಕೆ ಇದಕ್ಕಿಂತ ಸೂಕ್ಷ್ಮವಾದ ವಿಷಯ. ಶಿರಸಿ, ಸಿದ್ದಾಪುರ ಕಡೆಯವರಿಗೆ ಉಪ್ಪಾಗೆ ಸಿಪ್ಪೆಯನ್ನು, ಮುರುಗಲನ್ನು ಬಳಸುವ ಮನಸ್ಸಾಗುತ್ತದೆ. ಊರಿನ ಬೆಳೆ, ಹುಳಿಯಾದ್ದರಿಂದ ಒಳ್ಳೆಯ ಕಷಾಯ, ಪಾಲಿಫಿನಾಲುಗಳೂ ಇವೆ. ಆದರೆ ಈ ಎರಡೂ ಹಣ್ಣುಗಳ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಉಪ್ಪಾಗೆಗೆ ಹೊರದೇಶಗಳಲ್ಲಿ ಬೇಡಿಕೆ ಬಂದದ್ದೂ ಬೊಜ್ಜು ಇಳಿಸುವ ಮಾತ್ರೆಗಳಿಗಾಗಿ, ಈ ಆಮ್ಲದ ದೆಸೆಯಿಂದಲೇ. ಸಿಟ್ರೇಟಿನಿಂದ ಅಸಿಟೈಲ್ ಕೋಎಂಜೈಮ್-ಎ ತಯಾರಿಸುವ ಕಿಣ್ವವನ್ನು ಅದು ತಡೆಯುತ್ತದೆ. ಕೋಶದ್ರವದಲ್ಲಿ ಅಸಿಟೈಲ್ ಕೋಎಂಜೈಮ್-ಎ ಇಳಿದರೆ ಆಟೋಫಜಿ ಚುರುಕಾಗುತ್ತದೆ ಎಂಬುದು 2014ರಿಂದೀಚೆಗೆ ಚೆನ್ನಾಗಿ ತಿಳಿದಿರುವ ವಿಷಯ. ಮುರುಗಲಿನಲ್ಲಿ ಗಾರ್ಸಿನಾಲ್ ಎಂಬ ಇನ್ನೊಂದು ಚುರುಕು ವಸ್ತುವೂ ಇದೆ. ಉಪ್ಪಾಗೆ ಕಷಾಯದಿಂದ ಮಾಡಿದ ಬೆಳ್ಳಿ ಕಣವನ್ನು ಕೊಟ್ಟಾಗ ಆಟೋಫಜಿ ಏರಿದರೆ, ಅದನ್ನು ಏರಿಸಿದ್ದು ಕಣವೋ, ಕಣದ ಮೈಗಂಟಿದ ಉಪ್ಪಾಗೆಯೋ? ಈ ಪ್ರಶ್ನೆಯನ್ನು ಪರೀಕ್ಷಕರು ಕೇಳುವ ಮುನ್ನ ನಾವೇ ಕೇಳಿಕೊಳ್ಳಬೇಕು. ಉತ್ತರಕ್ಕೆ ಬೆಳ್ಳಿಯಿಲ್ಲದ ಬರೀ ಕಷಾಯ, ಕಣವನ್ನು ಸೆಂಟ್ರಿಫ್ಯೂಜ್ ಮಾಡಿ ತೊಳೆದಾಗ ಕೊನೆಯಲ್ಲಿ ಬಂದ ನೀರು, ಸಿಟ್ರೇಟ್ ಬಳಸಿ ರಾಸಾಯನಿಕವಾಗಿ ಮಾಡಿದ ಅದೇ ಗಾತ್ರದ ಬೆಳ್ಳಿ ಕಣ, ಈ ಮೂರನ್ನೂ ಜೊತೆಗೆ ಪರೀಕ್ಷಿಸಬೇಕು. ಇಷ್ಟಕ್ಕೆ ಸಮಯವಿಲ್ಲವೆಂದಾದರೆ ಉಪ್ಪಾಗೆಯನ್ನು ಬ್ಯಾಕ್ಟೀರಿಯಾ ತಡೆಯುವ ಪ್ರಾಜೆಕ್ಟಿಗೆ ಇಟ್ಟುಕೊಂಡು, ಆಟೋಫಜಿಗೆ ಬೇರೆ ಕಣ ಆರಿಸುವುದೇ ಸರಿ.

ಚಿನ್ನದ ಕಣಕ್ಕೆ ಆ ತೊಡಕುಗಳು ಬಹಳ ಕಡಿಮೆ. ಕರಗುವುದಿಲ್ಲವೆನ್ನುವಷ್ಟು ಸ್ಥಿರ, ಆದ್ದರಿಂದ ಕಂಡ ಪರಿಣಾಮ ಅಯಾನಿನದೇ ಎಂಬ ಸಂಶಯವಿಲ್ಲ. ಟರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲಿ ವಿವರಿಸಿದ ಸಿಟ್ರೇಟ್ ವಿಧಾನದಲ್ಲಿ ಸಾಮಾನ್ಯ ಪ್ರಯೋಗಾಲಯದಲ್ಲೇ ತಯಾರಿಸಬಹುದು; ಚೆನ್ನಾಗಿ ಬಂದರೆ ದ್ರಾವಣ ದ್ರಾಕ್ಷಾರಸದ ಕೆಂಪಿಗೆ ತಿರುಗಿ ಶಿಖರ 520 ನ್ಯಾನೋಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದು ಹನಿ ಉಪ್ಪುನೀರು ಬಿಟ್ಟು ನೋಡಿ: ಕಣಗಳು ಒಂದಕ್ಕೊಂದು ಅಂಟಿ ಕೆಂಪು ಹೋಗಿ ನೇರಳೆ, ಆಮೇಲೆ ನೀಲಿ ಛಾಯೆ ಬರುತ್ತದೆ. ಉಪ್ಪಿರುವ ಮಾಧ್ಯಮದಲ್ಲಿ ನಿಮ್ಮ ಕಣ 20 ನ್ಯಾನೋಮೀಟರಿನದಾಗಿ ಉಳಿದಿದೆಯೋ, ಗಂಟುಕಟ್ಟಿ ಬೇರೆಯದೇ ಆಗಿದೆಯೋ ಎಂಬುದನ್ನು ಬರಿಗಣ್ಣಿಗೇ ತೋರಿಸುವ ಈ ಗುಣ ಕಲಿಯುವವರಿಗೆ ದೊಡ್ಡ ಅನುಕೂಲ. ಗೋಲ್ಡ್ ಕ್ಲೋರೈಡಿನ ಬೆಲೆಯೊಂದೇ ಅಡ್ಡಿ. ಆದರೂ ಒಂದು ಪ್ರಾಜೆಕ್ಟಿಗೆ ಬೇಕಾಗುವ ಪ್ರಮಾಣ ಅತ್ಯಲ್ಪವಾದ್ದರಿಂದ, ಇಬ್ಬರು ಮೂವರು ವಿದ್ಯಾರ್ಥಿಗಳು ಸೇರಿ ತರಿಸಿಕೊಂಡರೆ ನಿಭಾಯಿಸಬಹುದು. ನನ್ನ ಮೊದಲ ಶಿಫಾರಸು ಚಿನ್ನಕ್ಕೆ.

ಸತುವಿನ ಆಕ್ಸೈಡ್ ಇನ್ನೊಂದು ತುದಿ. ಸನ್‌ಸ್ಕ್ರೀನುಗಳಲ್ಲಿ ಬಳಸುವ ವಸ್ತುವಾದ್ದರಿಂದ ಗೋಕರ್ಣದಂಥ ಕಡಲತೀರಗಳಿರುವ ಜಿಲ್ಲೆಗೆ ಇದು ಸಂಬಂಧಪಟ್ಟ ವಿಷಯವೇ. ಆದರೆ ಲೈಸೋಸೋಮಿನ ಹುಳಿಯಲ್ಲಿ ಇದು ಬೇಗ ಕರಗಿ ಸತುವಿನ ಅಯಾನಾಗುತ್ತದೆ. ಆಮೇಲೆ ನೀವು ಅಳೆಯುತ್ತಿರುವುದು ಕಣವನ್ನಲ್ಲ, ಕೋಶದೊಳಗೆ ಒಮ್ಮೆಲೇ ಬಿಡುಗಡೆಯಾದ ಸತುವನ್ನು. ಅದು ತಪ್ಪಲ್ಲ, ಒಳ್ಳೆಯ ಪ್ರಶ್ನೆಯೇ. ಸಿಂಕ್ ಸಲ್ಫೇಟನ್ನು ಹೋಲಿಕೆಗೆ ಇಟ್ಟುಕೊಂಡು, ಪ್ರಶ್ನೆಯನ್ನೇ ಹಾಗೆ ರೂಪಿಸಿಕೊಂಡರೆ ಆಯಿತು.

ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದರೆ ಅದರ ನಡವಳಿಕೆಯೇ ಬದಲಾಗುವುದರಿಂದ ಕತ್ತಲಿನ ಹೋಲಿಕೆ ಬೇಕಾಗುತ್ತದೆ. ಕಬ್ಬಿಣದ ಆಕ್ಸೈಡಿಗೆ ಇರುವ ವಿಶೇಷ ಅನುಕೂಲವೆಂದರೆ ಅಯಸ್ಕಾಂತದಿಂದ ಕಣಗಳನ್ನೂ, ಕಣ ತುಂಬಿದ ಲೈಸೋಸೋಮುಗಳನ್ನೂ ಬೇರ್ಪಡಿಸಿ ತೆಗೆಯಬಹುದು. ಇದು ಮುಂದೆ ಸಂಶೋಧನೆಗೆ ಹೋಗುವವರಿಗೆ ಉಪಯೋಗವಾದೀತು.

ಪಾಲಿಸ್ಟೈರೀನ್ ಕಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗಳನ್ನು ನೋಡಿದವರಿಗೆ ಈ ವಿಷಯ ಹೊಳೆಯುವುದು ಸಹಜ, ಏಕೆಂದರೆ ಥರ್ಮಾಕೋಲೂ ಪಾಲಿಸ್ಟೈರೀನೇ. ಕಂಪನಿಗಳು ಮಾರುವ ಪಾಲಿಸ್ಟೈರೀನ್ ಕಣಗಳು ಒಂದೇ ಗಾತ್ರದಲ್ಲಿ, ಅಮೈನ್ ಗುಂಪಿನ ಧನಾವೇಶದ ಮೈಯಿಂದಲೂ ಕಾರ್ಬಾಕ್ಸಿಲ್ ಗುಂಪಿನ ಋಣಾವೇಶದ ಮೈಯಿಂದಲೂ ಸಿಗುತ್ತವೆ. ಧನಾವೇಶದವು ಲೈಸೋಸೋಮನ್ನು ಕೆಡಿಸಿ ಕೋಶವನ್ನು ಕೊಲ್ಲುವುದಕ್ಕೆ ಹೆಸರಾಗಿವೆ, ಋಣಾವೇಶದವು ಬಹುಮಟ್ಟಿಗೆ ಸೌಮ್ಯ. ಒಳಗಿನ ವಸ್ತು ಒಂದೇ, ಮೈ ಮಾತ್ರ ಬೇರೆ. ಹೋಲಿಕೆಗೆ ಇದಕ್ಕಿಂತ ಶುದ್ಧವಾದ ಜೋಡಿ ಸಿಗುವುದು ಕಷ್ಟ. ಆದರೆ ಬಾಟಲಿಯಲ್ಲಿ ಕೆಡದಿರಲು ಕೆಲವಕ್ಕೆ ಸೋಡಿಯಂ ಅಜೈಡ್ ಬೆರೆಸಿರುತ್ತಾರೆ, ಅದು ಸ್ವತಃ ಮೈಟೊಕಾಂಡ್ರಿಯಕ್ಕೆ ವಿಷ. ಡಯಾಲಿಸಿಸ್ ಮಾಡಿ ಅದನ್ನು ತೆಗೆಯದೆ ಬಳಸಿದರೆ ಕಣದ ಮೇಲೆ ಸುಳ್ಳು ಆರೋಪ ಹೊರಿಸಿದಂತಾಗುತ್ತದೆ. ಕೊಂಡುತಂದ ಈ ನುಣುಪು ಗೋಲಿಗಳ ಫಲಿತಾಂಶವನ್ನು ಬಿಸಿಲಿಗೆ ಪುಡಿಯಾದ ಪೆಟ್ಟಿಗೆಯ ಚೂರಿಗೆ ನೇರವಾಗಿ ಅನ್ವಯಿಸಲೂ ಬಾರದು.

ಯಾವ ಕೋಶ

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ಹೀಲಾ, ಶ್ವಾಸಕೋಶದ ಎ549, ಯಕೃತ್ತಿನ ಹೆಪ್‌ಜಿ2 ಮೊದಲಾದ ಕೋಶಗಳನ್ನು ಸಂಸ್ಥೆಗಳು ತರಿಸಿಕೊಳ್ಳಬಹುದು. ಒಂದು ನಿರ್ದಿಷ್ಟ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳು, ಹೋಲಿಸಲು ಹಿಂದಿನ ಫಲಿತಾಂಶಗಳು, ಎಲ್ಲವೂ ಇವುಗಳಿಗೆ ಧಾರಾಳವಾಗಿ ಸಿಗುತ್ತವೆ. ಅವನ್ನು ಸಾಕುವುದು ಬೇರೆ ಮಾತು: 37 ಡಿಗ್ರಿ ಶಾಖ, ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್, ಸೋಂಕಿಲ್ಲದ ಗೂಡು, ಸದಾ ವಿದ್ಯುತ್ತು. ನಮ್ಮ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟಿಲ್ಲದಿರುವುದು ಹೊಸತೇನಲ್ಲ. ಇನ್‌ಕ್ಯುಬೇಟರ್ ತಣ್ಣಗಾಗಿ ಮಾಧ್ಯಮದ ಪಿಎಚ್ ಏರಿದ ಕೋಶಗಳು ಸಾಯದೆ ಉಳಿದರೂ ಒತ್ತಡಕ್ಕೆ ಸಿಕ್ಕಿರುತ್ತವೆ, ಒತ್ತಡವೇ ಆಟೋಫಜಿಯನ್ನು ಅಲುಗಿಸುತ್ತದೆ. ಮಾಧ್ಯಮ ಹಳೆಯದಾಗಿ ಅಮೈನೋ ಆಮ್ಲ ಮುಗಿದಿದ್ದರೂ ಅಷ್ಟೇ, ಕೋಶಗಳು ಕಿಕ್ಕಿರಿದಿದ್ದರೂ ಅಷ್ಟೇ. ಸಾವು–ಬದುಕಿನ ಪರೀಕ್ಷೆಯಲ್ಲಿ ಗಣನೆಗೆ ಬಾರದ ಇಂಥ ಚಿಕ್ಕ ವ್ಯತ್ಯಾಸಗಳು ಆಟೋಫಜಿಯಲ್ಲಿ ಫಲಿತಾಂಶವನ್ನೇ ತಿರುಗಿಸಬಲ್ಲವು. ಬ್ಯಾಕಪ್ ಇಲ್ಲದ ಪ್ರಯೋಗಾಲಯದಲ್ಲಿ ಸಸ್ತನಿ ಕೋಶಗಳ ಮೇಲೆ ಆಟೋಫಜಿ ಪ್ರಾಜೆಕ್ಟ್ ಹಿಡಿಯಬೇಡಿ ಎಂದೇ ನನ್ನ ಸಲಹೆ.

ಕರಾವಳಿಯವರಿಗೆ ಬೇರೆಯವರಿಗಿಲ್ಲದ ಒಂದು ಆಯ್ಕೆಯಿದೆ: ಚಿಪ್ಪುಜೀವಿಗಳ ರಕ್ತಕೋಶ. ಕಾಳಿ, ಅಘನಾಶಿನಿ ಅಳಿವೆಗಳ ಬಳಚು, ಕಡಲಬಂಡೆಗಳಿಗೆ ಕಚ್ಚಿಕೊಂಡಿರುವ ನೀಲಿಕಲ್ಲು, ಎಂದರೆ ಪೆರ್ನಾ ವಿರಿಡಿಸ್, ನೀರನ್ನು ಸೋಸಿ ತಿನ್ನುವ ಜೀವಿಗಳು. ನೀರಿಗೆ ಬಿದ್ದ ಕಣ ಇವುಗಳ ಮೈಯನ್ನು ಹೊಕ್ಕೇ ಹೊಗುತ್ತದೆ. ಇವುಗಳ ರಕ್ತಕೋಶಗಳಲ್ಲಿ ಕೆಲವು ಬಂದದ್ದನ್ನೆಲ್ಲ ನುಂಗುವ ಸ್ವಭಾವದವು, ಲೈಸೋಸೋಮುಗಳಿಂದ ತುಂಬಿರುವಂಥವು. ಚಿಪ್ಪಿನ ಸಂದಿಯಿಂದ ಸಣ್ಣ ಸೂಜಿ ತೂರಿಸಿ ಚಿಪ್ಪು ಮುಚ್ಚುವ ಹಿಂಬದಿಯ ಸ್ನಾಯುವಿನಿಂದ ರಕ್ತದ್ರವವನ್ನು ನಿಧಾನವಾಗಿ ಎಳೆದುಕೊಂಡು, ಗಾಜಿನ ಪಟ್ಟಿಯ ಮೇಲೆ ಹನಿಸಿ, ತಂಪಾದ ತೇವದ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಕೋಶಗಳು ಗಾಜಿಗೆ ಕಚ್ಚಿಕೊಳ್ಳುತ್ತವೆ. ಇನ್‌ಕ್ಯುಬೇಟರ್ ಬೇಡ, ಅನಿಲದ ಸಿಲಿಂಡರ್ ಬೇಡ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವೇ ಇರುವಾಗ ಈ ಪ್ರಾಣಿಗಳ ಗುರುತು, ಸಾಕಣೆ ವಿಷಯದಲ್ಲಿ ಮಾರ್ಗದರ್ಶನಕ್ಕೂ ದೂರ ಹೋಗಬೇಕಾಗಿಲ್ಲ. ತೊಡಕುಗಳೆಂದರೆ ಮೂರು. ರಕ್ತದ್ರವ ಸಮುದ್ರದಷ್ಟೇ ಉಪ್ಪಾದ್ದರಿಂದ ಬಹಳಷ್ಟು ಕಣಗಳು ಅದರಲ್ಲಿ ಗಂಟುಕಟ್ಟುತ್ತವೆ. ಮನುಷ್ಯರ ಪ್ರೋಟೀನಿಗೆಂದು ಮಾಡಿದ ಪ್ರತಿಕಾಯ ಇಲ್ಲಿ ಹಿಡಿಯುತ್ತದೆಯೇ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಮೂರನೆಯದು ಋತು: ಮಳೆಗಾಲದಲ್ಲಿ ಹೊಳೆಗಳ ಸಿಹಿನೀರು ಅಳಿವೆಗೆ ನುಗ್ಗಿ ಉಪ್ಪಿನಂಶ ಕುಸಿದಾಗ ಪ್ರಾಣಿಗಳೇ ಬಳಲಿರುತ್ತವೆ, ಕಣ ಕೊಡುವ ಮೊದಲೇ ಲೈಸೋಸೋಮುಗಳು ಸೋತಿರುತ್ತವೆ. ನವೆಂಬರಿನಿಂದ ಫೆಬ್ರವರಿಯೊಳಗೆ ಸಂಗ್ರಹಿಸಿ, ಕೆಲವು ದಿನ ತೊಟ್ಟಿಯಲ್ಲಿ ಹೊಂದಿಕೊಳ್ಳಲು ಬಿಟ್ಟು ಬಳಸುವುದು ಲೇಸು.

ಘಟ್ಟದ ಮೇಲಿನವರಿಗೆ ಯೀಸ್ಟ್ ಇದೆ. ಓಸುಮಿ ಅವರು ಕಂಡದ್ದನ್ನು ಶಿರಸಿಯ ಪ್ರಯೋಗಾಲಯದಲ್ಲೂ ಕಾಣಬಹುದು: ಸಾರಜನಕವಿಲ್ಲದ ಮಾಧ್ಯಮಕ್ಕೆ ಯೀಸ್ಟನ್ನು ವರ್ಗಾಯಿಸಿ, ಪ್ರೋಟೀನ್ ಒಡೆಯುವ ಕಿಣ್ವಗಳನ್ನು ಪಿಎಂಎಸ್‌ಎಫ್‌ನಿಂದ ತಡೆದು, ಕೆಲವು ಗಂಟೆ ಕಳೆದು ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸ ಮಾಡುವ ವ್ಯಾಕ್ಯೂಲಿನೊಳಗೆ ಸಣ್ಣ ಗುಂಡುಗಳು ಎಡೆಬಿಡದೆ ಮಿಡುಕಾಡುತ್ತಿರುತ್ತವೆ. ಅವು ವ್ಯಾಕ್ಯೂಲಿಗೆ ಬಂದು ತಲುಪಿದ, ಕರಗಲಾರದೆ ಉಳಿದ ಆಟೋಫಜಿಯ ಸರಕುಗಳು. ಪಿಎಂಎಸ್‌ಎಫ್ ವಿಷವಾದ್ದರಿಂದ ಕೈಗವಸು ಹಾಕಿಕೊಂಡೇ ತೂಗಬೇಕು. ಯೀಸ್ಟಿನ ಮಿತಿಯೆಂದರೆ ಅದರ ಗಟ್ಟಿಯಾದ ಭಿತ್ತಿ. ಕಣಗಳಲ್ಲಿ ಹೆಚ್ಚಿನವು ಹೊರಗೇ ನಿಲ್ಲುತ್ತವೆ, ಅಯಾನುಗಳು ಒಳಗೆ ಹೋಗುತ್ತವೆ. ಆದ್ದರಿಂದ ಚಿನ್ನಕ್ಕೆ ಯೀಸ್ಟ್ ತಕ್ಕುದಲ್ಲ. ಸತುವಿನ ಆಕ್ಸೈಡಿಗೂ ಸಿಂಕ್ ಸಲ್ಫೇಟಿಗೂ ಇರುವ ವ್ಯತ್ಯಾಸ ನೋಡಲು ಬಹಳ ಒಳ್ಳೆಯದು.

ಯಾವ ಪರೀಕ್ಷೆ

ಅಕ್ರಿಡಿನ್ ಆರೆಂಜ್, ಮೋನೋಡ್ಯಾನ್ಸೈಲ್ ಕ್ಯಾಡವರಿನ್ ಬಣ್ಣಗಳು ಅಗ್ಗ, ಚಿತ್ರ ಸುಂದರ. ಆದರೆ ಇವು ಹಿಡಿಯುವುದು ಹುಳಿಯಾದ ಚೀಲಗಳನ್ನು, ಆಟೋಫಾಗೋಸೋಮನ್ನೇ ಅಲ್ಲ. ಲೈಸೋಸೋಮುಗಳಲ್ಲಿ ಏನೋ ನಡೆದಿದೆ ಎಂದಷ್ಟೇ ಇವುಗಳಿಂದ ಹೇಳಬಹುದು. ಇವುಗಳ ಚಿತ್ರವೊಂದನ್ನೇ ಆಧಾರವಾಗಿಟ್ಟುಕೊಂಡು ಕಣವು ಆಟೋಫಜಿಯನ್ನು ಪ್ರಚೋದಿಸಿತು ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಎಲ್‌ಸಿ3 ಪ್ರೋಟೀನಿನ ಬ್ಲಾಟ್, ಎಂದರೆ ಪ್ರೋಟೀನುಗಳನ್ನು ಜೆಲ್ ಮೇಲೆ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ, ಈ ಕ್ಷೇತ್ರದ ಬೆನ್ನೆಲುಬು. ಆಟೋಫಜಿ ಆರಂಭವಾದಾಗ ಎಲ್‌ಸಿ3-ಒಂದು ಎಂಬ ರೂಪಕ್ಕೆ ಕೊಬ್ಬಿನ ಅಣುವೊಂದು ಸೇರಿ ಎಲ್‌ಸಿ3-ಎರಡು ಆಗಿ ಆಟೋಫಾಗೋಸೋಮಿನ ಪೊರೆಗೆ ಅಂಟುತ್ತದೆ. ಜೆಲ್‌ನಲ್ಲಿ ಮೊದಲನೆಯದು 16, ಎರಡನೆಯದು 14 ಕಿಲೋಡಾಲ್ಟನ್ನಿನ ಸುಮಾರಿಗೆ ಕಾಣುತ್ತದೆ. ಎರಡನೆಯ ಪಟ್ಟಿ ದಪ್ಪವಾಯಿತೆಂದ ಮಾತ್ರಕ್ಕೆ ಆಟೋಫಜಿ ಹೆಚ್ಚಿತು ಎನ್ನಲಾಗದು, ಏಕೆಂದರೆ ಒಡೆಯುವ ಕೆಲಸ ನಿಂತರೂ ಅದು ದಪ್ಪವಾಗುತ್ತದೆ. ಇದಕ್ಕೆ ಪರಿಹಾರ ಕೋಶ ಬೆಳೆಸುವ ತಟ್ಟೆಯ ನಾಲ್ಕು ಬಾವಿಗಳ (ಗುಳಿಗಳ) ಸರಳ ಜೋಡಣೆ: ಏನೂ ಕೊಡದ್ದು, ಕಣ ಮಾತ್ರ ಕೊಟ್ಟದ್ದು, ಬ್ಯಾಫಿಲೋಮೈಸಿನ್ ಮಾತ್ರ ಕೊಟ್ಟದ್ದು, ಎರಡನ್ನೂ ಕೊಟ್ಟದ್ದು. ಬ್ಯಾಫಿಲೋಮೈಸಿನ್ ಲೈಸೋಸೋಮಿಗೆ ಹುಳಿ ತುಂಬುವ ಪಂಪನ್ನು ನಿಲ್ಲಿಸುತ್ತದೆ. ಸಾಮಾನ್ಯವಾಗಿ 100 ನ್ಯಾನೋಮೋಲಾರ್ ಪ್ರಮಾಣದಲ್ಲಿ, ಪ್ರಯೋಗದ ಕೊನೆಯ 2ರಿಂದ 4 ಗಂಟೆ ಕೊಡುತ್ತಾರೆ. ಈಗ ನಾಲ್ಕನೆಯ ಪಟ್ಟಿಯನ್ನು ಮೂರನೆಯದರೊಂದಿಗೆ ಹೋಲಿಸಿ. ಬಾಗಿಲು ಪೂರ್ತಿ ಮುಚ್ಚಿದ ಮೇಲೂ ಕಣ ಕೊಟ್ಟ ಕೋಶದಲ್ಲಿ ಎಲ್‌ಸಿ3-ಎರಡು ಇನ್ನಷ್ಟು ಹೆಚ್ಚಿದ್ದರೆ ಹೊಸ ಆಟೋಫಾಗೋಸೋಮುಗಳು ಹುಟ್ಟುತ್ತಿವೆ ಎಂದರ್ಥ. ಕಣ ಮಾತ್ರ ಕೊಟ್ಟಾಗ ಏರಿದ್ದು ಬ್ಯಾಫಿಲೋಮೈಸಿನ್ ಸೇರಿಸಿದಾಗ ಮತ್ತೆ ಏರದಿದ್ದರೆ, ಕಣವೇ ಹರಿವನ್ನು, ಎಂದರೆ ಆಟೋಫಾಗೋಸೋಮ್ ಹುಟ್ಟಿ ಲೈಸೋಸೋಮಿನಲ್ಲಿ ಕರಗುವವರೆಗಿನ ಸಾಗಣೆಯನ್ನು, ತಡೆದಿದೆ ಎಂಬ ಅನುಮಾನ ಬಲವಾಗುತ್ತದೆ. ಬ್ಯಾಫಿಲೋಮೈಸಿನ್ ದುಬಾರಿ ಎನಿಸಿದರೆ ಕ್ಲೋರೋಕ್ವಿನ್ ಇದೆ, ಮಲೇರಿಯಾಕ್ಕೆ ಬಳಸುವ ಅದೇ ಔಷಧಿ. ಆರಂಭಕ್ಕೆ ಅದು ಸಾಕು.

ಪಿ62 ಪ್ರೋಟೀನನ್ನು ಜೊತೆಗೆ ನೋಡುವುದು ರೂಢಿ. ಆಟೋಫಜಿ ಪೂರ್ತಿಯಾದರೆ ಪಿ62 ಕರಗಿ ಇಳಿಯುತ್ತದೆ, ತಡೆಯಾದರೆ ಕೂಡಿಕೊಳ್ಳುತ್ತದೆ. ಪಠ್ಯದ ಈ ಮಾತು ನ್ಯಾನೋಕಣಗಳ ವಿಷಯದಲ್ಲಿ ಪೂರ್ತಿ ನಂಬಲರ್ಹವಲ್ಲ. ಕ್ರಿಯಾಶೀಲ ಆಮ್ಲಜನಕ ಹೆಚ್ಚಾದಾಗ ಎನ್‌ಆರ್‌ಎಫ್2 ಎಂಬ ನಿಯಂತ್ರಕ ಎಚ್ಚೆತ್ತು ಪಿ62ನ ಉತ್ಪಾದನೆಯನ್ನೇ ಹೆಚ್ಚಿಸುತ್ತದೆ. ಲೋಹದ ಕಣಗಳಲ್ಲಿ ಬಹಳಷ್ಟು ಇದನ್ನೇ ಮಾಡುತ್ತವೆ. ಅಂದರೆ ಹರಿವು ಚೆನ್ನಾಗಿದ್ದರೂ ಪಿ62 ಏರಿ ಕಾಣಬಹುದು. ಪಿ62ನ ಆರ್‌ಎನ್‌ಎಯನ್ನೂ ಅಳೆಯುವವರಿಗೆ ಮಾತ್ರ ಇದು ಭದ್ರವಾದ ಸಾಕ್ಷಿ.

ಕೆಂಪು–ಹಸಿರು ಜೋಡಿ ಬಣ್ಣದ ಎಲ್‌ಸಿ3 ಬಳಸುವ ಪರೀಕ್ಷೆ ಇವೆಲ್ಲಕ್ಕಿಂತ ನೇರವಾದದ್ದು. ಹಸಿರು ಬೆಳಕಿನ ಪ್ರೋಟೀನು ಹುಳಿಯಲ್ಲಿ ಆರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಎರಡೂ ಬಣ್ಣ ಸೇರಿ ಕಾಣುವ ಹಳದಿ ಚುಕ್ಕೆ ಎಂದರೆ ಇನ್ನೂ ಲೈಸೋಸೋಮನ್ನು ಸೇರದ ಅಥವಾ ಹುಳಿಯಿಲ್ಲದ ಲೈಸೋಸೋಮನ್ನು ಸೇರಿದ ಆಟೋಫಾಗೋಸೋಮ್, ಬರೀ ಕೆಂಪು ಚುಕ್ಕೆ ಎಂದರೆ ದಾರಿ ಮುಗಿಸಿದ್ದು. ಇದಕ್ಕೆ ಕೋಶಕ್ಕೆ ಡಿಎನ್‌ಎ ಹೊಗಿಸುವ ಸೌಕರ್ಯ, ಕಾನ್‌ಫೋಕಲ್ ಸೂಕ್ಷ್ಮದರ್ಶಕ ಎರಡೂ ಬೇಕು. ಕಣ ತಾನೇ ಬೆಳಗುವಂಥದ್ದಾದರೆ ಅಥವಾ ಚಿನ್ನದಂತೆ ಹತ್ತಿರದ ಬೆಳಕನ್ನು ನುಂಗುವಂಥದ್ದಾದರೆ, ಎಲ್‌ಸಿ3 ಇಲ್ಲದ ಕೋಶಕ್ಕೆ ಕಣ ಕೊಟ್ಟು ಮೊದಲು ನೋಡಿಕೊಳ್ಳಬೇಕು. ಬದುಕಿರುವ ಕೋಶಗಳ ಪ್ರಮಾಣವನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಗೂ ಇದೇ ಎಚ್ಚರಿಕೆ ಸಲ್ಲುತ್ತದೆ, ಅಲ್ಲಿ ಕಣದ ಸ್ವಂತ ಬಣ್ಣವೇ ಅಳತೆಗೆ ಸೇರಿಬಿಡುತ್ತದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಲೋಹದ ಕಣ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ, ಅದರ ಸುತ್ತ ಒಂದು ಪೊರೆಯಿದೆಯೋ ಎರಡೋ ಎಂಬುದನ್ನೂ ನೋಡಬಹುದು. ಒಂದೇ ಪೊರೆಯಾದರೆ ಅದು ಎಂಡೋಸೋಮ್ ಅಥವಾ ಲೈಸೋಸೋಮ್ ಆಗಿರುವ ಸಂಭವವೇ ಹೆಚ್ಚು. ಮಾದರಿಯನ್ನು ಶೇಕಡಾ 2.5ರ ಗ್ಲುಟರಾಲ್ಡಿಹೈಡಿನಲ್ಲಿ ಸ್ಥಿರಗೊಳಿಸಿ ಬಫರಿನಲ್ಲಿ 4 ಡಿಗ್ರಿಯಲ್ಲಿಟ್ಟರೆ ಕೆಲವು ದಿನ ಉಳಿಯುತ್ತದೆ, ಆದ್ದರಿಂದ ಅರಬೈಲ್ ಘಟ್ಟ ಹತ್ತಿಸಿ ಧಾರವಾಡಕ್ಕೋ ಅದರಾಚೆಯ ಊರಿಗೋ ಕೊಂಡೊಯ್ಯಲು ಅಡ್ಡಿಯಿಲ್ಲ. ಹೆಪ್ಪುಗಟ್ಟಲು ಮಾತ್ರ ಬಿಡಬಾರದು, ಮಾದರಿ ಐಸಿಗೆ ನೇರವಾಗಿ ತಾಗದಂತೆ ಕಟ್ಟಿ. ಈ ಚಿತ್ರವೂ ಒಂದು ಗಳಿಗೆಯ ನಿಲುಗಡೆಯೇ, ಹರಿವಿನ ಸಾಕ್ಷಿಯಲ್ಲ.

ಚಿಪ್ಪುಜೀವಿಗಳ ಕೋಶಕ್ಕೆ ನ್ಯೂಟ್ರಲ್ ರೆಡ್ ಪರೀಕ್ಷೆ ಅತ್ಯಂತ ಕೈಗೆಟುಕುವಂಥದ್ದು. ಬಣ್ಣ ಲೈಸೋಸೋಮುಗಳಲ್ಲಿ ಕೆಂಪು ಗುಳಿಗೆಗಳಂತೆ ತುಂಬಿಕೊಳ್ಳುತ್ತದೆ. ಗಟ್ಟಿ ಪೊರೆಯಿದ್ದರೆ ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ, ಪೊರೆ ಸೋತಿದ್ದರೆ ಕೋಶದ್ರವಕ್ಕೆ ಸೋರಿ ಕೋಶವೆಲ್ಲ ನಸುಗೆಂಪಾಗುತ್ತದೆ, ಕೋಶ ಗುಂಡಗಾಗುತ್ತದೆ. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ನೋಡುತ್ತ, ಅರ್ಧದಷ್ಟು ಕೋಶಗಳು ಸೋರಿದ ಹೊತ್ತನ್ನು ಬರೆದುಕೊಳ್ಳಬೇಕು. ಯಾವ ಪಟ್ಟಿಗೆ ಕಣ ಕೊಟ್ಟಿದೆ ಎಂಬುದು ಎಣಿಸುವವರಿಗೆ ತಿಳಿದಿರಬಾರದು. ಚೀಟಿ ಮುಚ್ಚಿ ಗೆಳೆಯರಿಂದ ಎಣಿಸಿಸುವುದು ಒಳ್ಳೆಯ ಪದ್ಧತಿ.

ಜೋಡಿಸುವಾಗ

ಕರಾವಳಿಯ ಕಾಲೇಜಿನವರು ನೀಲಿಕಲ್ಲಿನ ರಕ್ತಕೋಶ, ಪಾಲಿಸ್ಟೈರೀನಿನ ಧನ–ಋಣ ಜೋಡಿ, ನ್ಯೂಟ್ರಲ್ ರೆಡ್, ಆಮೇಲೆ ಆಯ್ದ ಕೆಲವು ಮಾದರಿಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಹೀಗೆ ಯೋಜಿಸಿದರೆ ಒಂದು ಚಳಿಗಾಲದಲ್ಲಿ ಮುಗಿಸಬಹುದು. ಅದರಲ್ಲಿ ಹರಿವಿನ ಅಳತೆಯಿಲ್ಲದ್ದರಿಂದ ಅದು ಲೈಸೋಸೋಮಿನ ಪ್ರಾಜೆಕ್ಟೇ ಹೊರತು ಆಟೋಫಜಿಯದ್ದಲ್ಲ, ಮತ್ತು ಹಾಗೆ ಕರೆದರೆ ಅದರ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಘಟ್ಟದ ಮೇಲಿನವರಿಗೆ ಯೀಸ್ಟ್, ಸತುವಿನ ಆಕ್ಸೈಡ್, ಸಿಂಕ್ ಸಲ್ಫೇಟ್, ವ್ಯಾಕ್ಯೂಲಿನ ಗುಂಡುಗಳ ಎಣಿಕೆ. ಅಲ್ಲಿ ಒಡೆಯುವ ಕೆಲಸವನ್ನು ನಾವೇ ತಡೆದಿರುವುದರಿಂದ ಗುಂಡುಗಳು ವ್ಯಾಕ್ಯೂಲಿಗೆ ಎಷ್ಟು ಬಂದು ತಲುಪಿದವು ಎಂಬುದು ನೇರವಾಗಿ ಸಿಗುತ್ತದೆ, ಕಡಿಮೆ ಖರ್ಚಿನಲ್ಲಿ ನಿಜವಾದ ಆಟೋಫಜಿಯನ್ನೇ ಅಳೆದಂತಾಗುತ್ತದೆ. ಮೂರನೆಯ ದಾರಿ ಕೋಶ ಸಾಕಣೆಯ ಸೌಕರ್ಯವಿರುವ ಹೊರಗಿನ ಪ್ರಯೋಗಾಲಯದಲ್ಲಿ ಎರಡು ಮೂರು ತಿಂಗಳು ಇದ್ದು ಕೆಲಸ ಮಾಡಬಲ್ಲವರಿಗೆ: ಇಲ್ಲಿ ತಯಾರಿಸಿ ಅಳೆದ ಚಿನ್ನದ ಕಣ, ಎ549 ಕೋಶ, ಬ್ಯಾಫಿಲೋಮೈಸಿನ್ ಸಹಿತ ಎಲ್‌ಸಿ3 ಬ್ಲಾಟ್. ಹಸಿವಿಗೆ ಒಡ್ಡಿದ ಕೋಶಗಳನ್ನು ಹೋಲಿಕೆಗೆ ಇಟ್ಟುಕೊಂಡರೆ ಆಟೋಫಜಿಯನ್ನು ಚುರುಕುಗೊಳಿಸುವ ಔಷಧಿ ರಾಪಾಮೈಸಿನ್ ಕೊಳ್ಳುವ ಖರ್ಚೂ ಉಳಿಯುತ್ತದೆ.

ಯಾವುದನ್ನು ಆರಿಸಿದರೂ ಕಣದ ಪ್ರಮಾಣವನ್ನು ಕನಿಷ್ಠ ನಾಲ್ಕು ಹಂತಗಳಲ್ಲಿ ಕೊಡಿ, ಅದರಲ್ಲಿ ಎರಡಾದರೂ ಕೋಶಗಳು ಸಾಯದಷ್ಟು ಕಡಿಮೆ ಇರಲಿ. ಅರ್ಧಕ್ಕರ್ಧ ಕೋಶಗಳು ಸತ್ತ ತಟ್ಟೆಯಲ್ಲಿ ಕಾಣುವ ಆಟೋಫಜಿ ಸಾವಿನ ಕಾರಣವೋ ಪರಿಣಾಮವೋ ಎಂದು ಹೇಳಲು ಬರುವುದಿಲ್ಲ. ಪ್ರಮಾಣವನ್ನು ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಬರೆಯುವುದರ ಜೊತೆಗೆ ತಟ್ಟೆಯ ಚದರ ಸೆಂಟಿಮೀಟರಿಗೆ ಎಷ್ಟು ಎಂಬುದನ್ನೂ ಬರೆಯಿರಿ, ಏಕೆಂದರೆ ಭಾರದ ಕಣಗಳು ತಳಕ್ಕಿಳಿದು ಕೋಶಗಳ ಮೇಲೆ ಕೂರುತ್ತವೆ, ಬಾವಿಯ ಆಳ ಬದಲಾದರೆ ಕೋಶಕ್ಕೆ ಸಿಗುವ ಪಾಲೂ ಬದಲಾಗುತ್ತದೆ.